ವರ್ಷಕ್ಕೊಂದು ತುಂಡಿನ ಎಂಜಿನ್

ಸೆಪ್ಟೆಂಬರ್ ೧೪, ಭಾನುವಾರ. ಬೆಳಿಗ್ಗೆ ಏಳು ಇಪ್ಪತ್ತಕ್ಕೆ ಬರೆಯಲು ಕುಳಿತಿದ್ದೇನೆ. ನವರಾತ್ರಿಗೆ ಇನ್ನು ಎಂಟು ದಿನ.

ನಮ್ಮ ಓನರಮ್ಮನ ಬಲಗೈ ನಡುಬೆರಳಿನ ಪಕ್ಕದಲ್ಲಿ ಒಂದು ಕುಳಿ ಇತ್ತು. ಒಂದು ಹೆಸರುಕಾಳು ಕೂರುವಷ್ಟು ಕುಳಿ. ಅದರ ತಳದಲ್ಲಿ ಕಪ್ಪು ಶಾಯಿ ಚರ್ಮದೊಳಗೇ ಇಳಿದು ನಿಂತಿತ್ತು. ಸೀಗೆಪುಡಿ, ನಿಂಬೆಸಿಪ್ಪೆ, ಪಾತ್ರೆ ತೊಳೆಯುವ ಸೋಪು ಯಾವುದಕ್ಕೂ ಅದು ಬಗ್ಗಿರಲಿಲ್ಲ. ಗೆರೆ ಎಳೆಯುವ ಉಕ್ಕಿನ ಪೆನ್ನು ವರ್ಷಾನುಗಟ್ಟಲೆ ಕೂತೆದ್ದ ಜಾಗ ಅದು. ಅವರು ರೈಲ್ವೆಯ ಒಂದು ನಕ್ಷೆ ಕಚೇರಿಯಲ್ಲಿ ಟ್ರೇಸರ್ ಆಗಿದ್ದವರು. ಎಂಜಿನಿಯರು ಪೆನ್ಸಿಲ್ಲಿನಲ್ಲಿ ಬರೆದ ನಕ್ಷೆಯ ಮೇಲೆ ಆಚೆ ಈಚೆ ಕಾಣುವಂಥ ತೆಳು ಬಟ್ಟೆ ಹಾಸಿ, ಪ್ರತಿ ಗೆರೆಯನ್ನೂ ಶಾಯಿಯಲ್ಲಿ ಮತ್ತೆ ಎಳೆಯುವುದು ಅವರ ಕೆಲಸ. ನಾನು ನೋಡುವ ಹೊತ್ತಿಗೆ ನಿವೃತ್ತರಾಗಿ ಬಹಳ ಕಾಲವಾಗಿತ್ತು. ಆದರೆ ಕೈ ನಿವೃತ್ತಿಯಾಗಿರಲಿಲ್ಲ.

ಹಸಿ ಶಾಯಿಗೆ ಅಂಗೈ ತಾಕಬಾರದೆಂದು ಟ್ರೇಸರುಗಳು ಹಾಳೆಯ ಮೇಲಿನ ಎಡಮೂಲೆಯಿಂದ ಶುರು ಮಾಡಿ ಕೆಳಗಿನ ಬಲಮೂಲೆಗೆ ಬರುತ್ತಾರಂತೆ. ಓನರಮ್ಮ ರಂಗೋಲಿಯನ್ನೂ ಹಾಗೇ ಹಾಕುತ್ತಿದ್ದರು. ಎಲ್ಲರೂ ಚುಕ್ಕಿ ಇಟ್ಟು ನಡುವಿನಿಂದ ಬೆಳೆಸಿದರೆ, ಇವರದು ಎಡಮೂಲೆಯಿಂದ ಬಲಮೂಲೆಗೆ ಪರದೆ ಬಿಚ್ಚಿದ ಹಾಗೆ ತೆರೆದುಕೊಳ್ಳುತ್ತಿತ್ತು. ದೋಸೆಗೆ ಚಟ್ನಿ ಸವರುವುದೂ ಎಡದಿಂದಲೇ. ಬಟ್ಟೆಗೆ ಶಾಯಿ ಹಿಡಿಯಲೆಂದು ಮೊದಲು ಪುಡಿ ಉಜ್ಜುವ ಅಭ್ಯಾಸ ಕಚೇರಿಯಲ್ಲಿತ್ತು, ಅದರಿಂದಾಗಿ ಯಾವ ಕೆಲಸಕ್ಕೂ ಮುಂಚೆ ಅಂಗೈಗೆ ಪೌಡರ್ ಹಾಕಿಕೊಳ್ಳುತ್ತಿದ್ದರು. ಅವರ ಮನೆಯ ಕೋಡುಬಳೆಗೂ ಸ್ವಲ್ಪ ಪೌಡರ್ ವಾಸನೆ ಇರುತ್ತದೆ ಎಂದು ಅವರ ತಮ್ಮ ಹೇಳುತ್ತಿದ್ದರು. ಅದು ನಿಜ.

ಮೇಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ನಾನು ಮೈಸೂರಿಗೆ ಬಂದಾಗ, ಅಗ್ರಹಾರದಲ್ಲಿ ಅವರ ಮನೆಯ ಮಹಡಿಯ ಎರಡು ಕೋಣೆ ಖಾಲಿ ಇದ್ದವು. ಕೆಳಗೆ ಅವರು, ಅವರ ತಮ್ಮ. ತಮ್ಮನವರು ಬ್ಯಾಂಕಿನಿಂದ ನಿವೃತ್ತರು. ಮನೆ ನೋಡಲು ಹೋದ ದಿನ ನನ್ನ ಊರು, ಮನೆತನ ಏನನ್ನೂ ಅವರು ಕೇಳಲಿಲ್ಲ.

"ಏನಮ್ಮ ಕೆಲಸ?"

"ಇನ್‌ಸ್ಪೆಕ್ಷನ್ ಸೆಕ್ಷನ್ನು ಅಮ್ಮ. ತಯಾರಾದ ಬಿಡಿಭಾಗ ಅಳೆದು ನೋಡೋದು."

"ಯಾವುದ್ರಲ್ಲಿ ಅಳೀತೀಯ?"

"ವರ್ನಿಯರ್‌ನಲ್ಲಿ."

"ಸ್ವಂತದ್ದು ಇದೆಯಾ?"

"ಒಂದಿದೆ."

"ಹಾಗಾದ್ರೆ ಮನೆ ಕೊಟ್ಟೆ ಅಂದ್ಕೋ."

ತಮ್ಮನವರು ಪೇಪರಿನ ಹಿಂದಿನಿಂದ ಹೇಳಿದರು: "ಅಡ್ವಾನ್ಸ್ ಕೇಳೇ ಅಕ್ಕ. ಆಮೇಲೆ ಎಂಜಿನ್ ವಿಷಯ ತೆಗೀವಿಯಂತೆ."

ಯಾವ ಎಂಜಿನ್ ಎಂಬುದು ಆ ವರ್ಷದ ನವರಾತ್ರಿಯವರೆಗೆ ನನಗೆ ಗೊತ್ತಾಗಲಿಲ್ಲ. ನಮ್ಮೂರಿನ ಕಡೆ, ನಮ್ಮ ಜನದಲ್ಲಿ, ಗೊಂಬೆ ಕೂರಿಸುವ ಪದ್ಧತಿಯಿಲ್ಲ. ಮೊದಲ ದಿನ ಸಂಜೆ ಕೆಳಗಿಳಿದು ಹೋದರೆ ನಡುಮನೆಯಲ್ಲಿ ಬಿಳಿ ಪಂಚೆ ಹಾಸಿದ ಮೆಟ್ಟಿಲುಗಳು. ತುದಿಯಲ್ಲಿ ಪಟ್ಟದ ಗೊಂಬೆಗಳಾದ ರಾಜ, ರಾಣಿ. ಅವರ ಉಡುಪು ಟ್ರೇಸಿಂಗ್ ಬಟ್ಟೆಯದು. ಕಚೇರಿಯಲ್ಲಿ ಬೇಡವೆಂದ ನಕ್ಷೆಗಳನ್ನು ತಂದು, ಬಿಸಿನೀರಿನಲ್ಲಿ ಗಂಜಿ ಬಿಡಿಸಿ ಒಗೆದರೆ ಒಳಗಿನಿಂದ ಮಲ್ಲಿಗೆಯಂಥ ಹತ್ತಿ ಬಟ್ಟೆ ಬರುತ್ತದೆ. ರಾಜನ ಪಂಚೆಯನ್ನು ದೀಪಕ್ಕೆ ಹಿಡಿದರೆ ಈಗಲೂ ಒಂದು ಸೇತುವೆಯ ಕಮಾನು ಮಸುಕಾಗಿ ಕಾಣುತ್ತದೆ.

ಮೆಟ್ಟಿಲುಗಳ ಕೆಳಗೆ, ಬೇರೆ ಮನೆಯವರು ಪಾರ್ಕು, ಮೃಗಾಲಯ ಮಾಡುವ ಜಾಗದಲ್ಲಿ, ಒಂದು ಮಣೆಯ ಮೇಲೆ ಎಂಜಿನ್ ನಿಂತಿತ್ತು. ಹಾಲೆಮರದಲ್ಲಿ ಕೆತ್ತಿದ್ದು, ಬಣ್ಣವಿಲ್ಲದ್ದು, ಬೆಣ್ಣೆಯ ಹಾಗೆ ಬಿಳುಪು. ಉದ್ದ ನನ್ನ ಮೊಳಕ್ಕಿಂತ ಸ್ವಲ್ಪ ಹೆಚ್ಚು. ಮುಂದೆ ನಾಲ್ಕು ಪುಟ್ಟ ಗಾಲಿ, ಹಿಂದೆ ನಾಲ್ಕು ದೊಡ್ಡ ಗಾಲಿ, ಎತ್ತರದ ಹೊಗೆಕೊಳವೆ. ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ಮೀಟರ್ ಗೇಜ್ ಹಳಿಗಳ ಮೇಲೆ ಪ್ರಯಾಣಿಕರ ಗಾಡಿ ಎಳೆಯಲೆಂದು ಮಾಡಿದ ಒಂದು ವರ್ಗದ ಎಂಜಿನ್ನುಗಳ ಪ್ರತಿರೂಪ ಅದು.

"ವರ್ಗ ಅಂದ್ರೆ?" ಎಂದು ಕೇಳಿದೆ.

"ಒಂದೇ ನಕ್ಷೆ ಹೊಟ್ಟೇಲಿ ಹುಟ್ಟಿದ ಅಕ್ಕತಂಗೀರು. ನಂಬರ್ ಬೇರೆ, ಮುಖ ಒಂದೇ. ಈ ವರ್ಗದ್ದೆಲ್ಲ ಪ್ಯಾಸೆಂಜರ್ ಎಳೀತಿದ್ವು. ಹೆಂಗೆ ಗೊತ್ತು ಹೇಳು?"

ಗೊತ್ತಿಲ್ಲ ಎಂದೆ.

"ಗಾಲಿ ನೋಡಮ್ಮ. ಓಡೋ ಕಾಲು ಉದ್ದ, ಹೊರೋ ಕಾಲು ಗಿಡ್ಡ. ಗೂಡ್ಸ್ ಎಂಜಿನ್‌ಗೆ ಇಷ್ಟು ದೊಡ್ಡ ಗಾಲಿ ಇರಲ್ಲ."

ಪ್ರತಿ ವರ್ಷವೂ ಒಂದಾದರೂ ಹೊಸ ಗೊಂಬೆ ಸೇರಬೇಕು ಎಂಬುದು ಗೊಂಬೆ ಕೂರಿಸುವ ಮನೆಗಳ ನಿಯಮ. ನಿವೃತ್ತಿಯಾದ ವರ್ಷದಿಂದ ಓನರಮ್ಮ ಆ ನಿಯಮವನ್ನು ಎಂಜಿನ್ನಿಗೆ ಒಪ್ಪಿಸಿಬಿಟ್ಟಿದ್ದರು. ವರ್ಷಕ್ಕೆ ಒಂದು ತುಂಡು. ಮೊದಲ ವರ್ಷ ಬರೀ ಅಡಿಪಟ್ಟಿ. ಮರುವರ್ಷ ಮುಂದಿನ ಗಾಲಿಗಳು. ಆಮೇಲೆ ದೊಡ್ಡ ಗಾಲಿಗಳ ಒಂದು ಜೋಡಿ, ಇನ್ನೊಂದು ಜೋಡಿ, ಬಾಯ್ಲರು. ನಾನು ನೋಡಿದ ಮೊದಲ ವರ್ಷದ ಹೊಸ ಗೊಂಬೆ, ಬೆಂಕಿಗೂಡಿನ ಬಾಗಿಲು. ನನ್ನ ಹೆಬ್ಬೆರಳಿನ ಉಗುರಿನಷ್ಟಿತ್ತು. ಅದರ ಹಿಂದೆ ಒಂದು ಚೂರು ಕೆಂಪು ಬಟ್ಟೆ.

ಗೊಂಬೆ ನೋಡಲು ಬಂದ ಎದುರು ಸಾಲಿನ ಒಬ್ಬ ಹೆಂಗಸು, ಬಂದವರಿಗೆ ಕೊಡುವ ಚರ್ಪಿನ ತಿಂಡಿಯನ್ನು ಕೈಗೆ ತೆಗೆದುಕೊಂಡು ಕೇಳಿದರು: "ಈ ಸಲದ ಹೊಸಾದು ಯಾವುದ್ರೀ?"

ಓನರಮ್ಮ ಬಾಗಿಲನ್ನು ತೋರಿಸಿದರು.

"ಅಯ್ಯೋ ಇಷ್ಟೇನಾ? ನಾವು ಈ ಸಲ ಇಡೀ ದಶಾವತಾರ ತಂದ್ವಿ ಕಣ್ರೀ."

"ಹತ್ತು ಅವತಾರಾನೂ ಒಂದೇ ವರ್ಷ ಎತ್ತಿಸಿಬಿಟ್ರಾ? ದೇವ್ರೇ ಯುಗಯುಗ ತಗೊಂಡಿದ್ದಾನೆ. ಇನ್ನು ಈ ಎಂಜಿನ್ನೂ ತುಂಡು ತುಂಡಾಗೇ ಹಡಗಲ್ಲಿ ಬಂದಿದ್ದು. ನನ್ನ ಹಡಗು ಸ್ವಲ್ಪ ನಿಧಾನ, ಅಷ್ಟೇ."

ನವರಾತ್ರಿ ಮುಗಿದಾಗ ಒಂದು ಗೊಂಬೆಯನ್ನಾದರೂ ಮಲಗಿಸಿ ಹಬ್ಬ ಮುಗಿಸುವುದು ರೂಢಿ. ಅವರು ರಾಣಿಯನ್ನು ಮಲಗಿಸಿದರು. ಎಂಜಿನ್ನನ್ನೂ ಮಲಗಿಸಬೇಕೇ ಎಂದು ಕೇಳಿ ಕೈ ಮುಂದೆ ಮಾಡಿದ್ದಕ್ಕೆ, ನನ್ನ ಮಣಿಕಟ್ಟು ಹಿಡಿದು ತಡೆದರು. "ಎಂಜಿನ್ ಮಲಗಲ್ಲ ಕಣಮ್ಮ. ಅದಕ್ಕೆ ಬೆಂಕಿ ಇಳಿಸ್ತಾರೆ." ಬೆಂಕಿಗೂಡಿನ ಬಾಗಿಲು ತೆರೆದು, ಚಿಮಟದಿಂದ ಕೆಂಪು ಬಟ್ಟೆಯ ಚೂರನ್ನು ಹೊರಗೆ ತೆಗೆದು ಕರಡಿಗೆಯಲ್ಲಿಟ್ಟರು. ಬಾಗಿಲು ಹಾಕಿದರು. ಅಲ್ಲಿಗೆ ಹಬ್ಬ ಮುಗಿಯಿತು.

ಆ ಹೊತ್ತಿಗೆ ಎಂಜಿನ್ನಿಗೆ ಬೇಕಾಗಿದ್ದದ್ದು ಮೂರೇ: ಡ್ರೈವರು ನಿಲ್ಲುವ ಜಾಗದ ಸೂರು, ಸೀಟಿ, ಬಣ್ಣ. ಬಣ್ಣ ಹಚ್ಚಿದ ದಿನ ಎಂಜಿನ್ ಮುಗಿದ ಹಾಗೆ ಎಂದು ಅವರೇ ಹೇಳುತ್ತಿದ್ದರು. ಅವರ ಕೈ ಸಣ್ಣಗೆ ನಡುಗಲು ಶುರುವಾಗಿತ್ತು. ಮುಗಿಸುವ ಆಸೆ ಎಷ್ಟಿತ್ತೆಂಬುದು ಮಾತಿಗಿಂತ ಹೆಚ್ಚಾಗಿ ಅವರು ಉಪ್ಪುಕಾಗದ ಉಜ್ಜುವುದರಲ್ಲಿ ಕಾಣುತ್ತಿತ್ತು. ತೊಂದರೆ ಇದ್ದದ್ದು ಬಣ್ಣದಲ್ಲಿ. ನಮ್ಮ ಕಡೆಯ ಹಳಿಗಳ ಮೇಲೆ ಓಡಿದಾಗ ಆ ವರ್ಗದ ಎಂಜಿನ್ ಯಾವ ಬಣ್ಣದಲ್ಲಿತ್ತು ಎಂಬುದು ಅವರಿಗೆ ಗೊತ್ತಿರಲಿಲ್ಲ.

ನೋಡಿಯೇ ಇರಲಿಲ್ಲ ಎಂದಲ್ಲ. ನಾಲ್ಕು ವರ್ಷದ ಮಗುವಾಗಿದ್ದಾಗ ಅಜ್ಜಿಯ ಸೊಂಟದ ಮೇಲೆ ಕೂತು, ನಿಲ್ದಾಣದ ಒಂದು ಮೂಲೆಯ ಹಳಿಯಲ್ಲಿ ನಿಂತಿದ್ದ ಮುದಿ ಎಂಜಿನ್ ನೋಡಿದ್ದರು. ಅದು ಬಸಳೆ ಹಣ್ಣಿನ ಕೆನ್ನೇರಳೆ ಬಣ್ಣಕ್ಕಿತ್ತು ಎಂಬ ನೆನಪು.

"ಬಸಳೆ ಹಣ್ಣೂ ಇಲ್ಲ, ಹಾಗಲಕಾಯೂ ಇಲ್ಲ," ಎನ್ನುತ್ತಿದ್ದರು ತಮ್ಮನವರು. "ಅದು ತುಕ್ಕು. ಎಂಜಿನ್ ಅಂದ್ರೆ ಕಪ್ಪು. ಬಳಿದು ಮುಗಿಸೇ ಅಕ್ಕ."

"ನೀನು ಆಗ ಹುಟ್ಟೇ ಇರ್ಲಿಲ್ಲ ಕಣೋ."

"ಹುಟ್ಟದೇ ಇದ್ರೂ ತುಕ್ಕಿನ ಬಣ್ಣ ನಂಗೊತ್ತು."

ನನಗೆ ಲೆಕ್ಕ ಇಡುವ ಅಭ್ಯಾಸ. ಎರಡನೆಯ ವರ್ಷದ ನವರಾತ್ರಿಯಲ್ಲಿ, ಎಂಜಿನ್ನಿಗೆ ಸೂರು ಬಂದಿದ್ದಾಗ, ಗೊಂಬೆ ನೋಡಲು ಬಂದವರನ್ನೆಲ್ಲ ಇದು ಯಾವ ಬಣ್ಣ ಇರಬಹುದು ಎಂದು ಕೇಳಿ ಗೆರೆ ಹಾಕಿಕೊಂಡೆ. ಕಪ್ಪು ನಲವತ್ತೊಂದು, ಹಸಿರು ಹನ್ನೆರಡು, ಕೆಂಪು ಒಂಬತ್ತು. ಒಂದು ಮಗು ಮಾತ್ರ ಬಿಳಿ ಎಂದಿತು, ಕಣ್ಣೆದುರಿಗೆ ಕಾಣುತ್ತಿದೆಯಲ್ಲ ಎಂಬಂತೆ. ಕೊನೆಗೆ ಆ ಲೆಕ್ಕವನ್ನು ಓನರಮ್ಮನ ಮುಂದೆ ಹಿಡಿದೆ.

"ಬಣ್ಣಾನ ಓಟು ಹಾಕಿ ಗೆಲ್ಲಿಸಕ್ಕಾಗಲ್ಲ ಕಣಮ್ಮ," ಎಂದರು. "ನೀನು ಕಾರ್ಖಾನೇಲಿ ಹತ್ತು ಜನ ಸರಿ ಅಂದ್ರು ಅಂತ ಪೀಸ್ ಪಾಸ್ ಮಾಡ್ತೀಯಾ?"

"ಹಂಗಾದ್ರೆ ನಿಮ್ಮ ಬಸಳೆ ಹಣ್ಣು?"

"ನಾಲ್ಕು ವರ್ಷದ ಕಣ್ಣು, ಸಾಯಂಕಾಲದ ಬೆಳಕು. ಸಾಕ್ಷಿ ನಿಲ್ಲಲ್ಲ. ನನ್ನ ಗೆರೆ 'ಗೊತ್ತಿಲ್ಲ'ದಲ್ಲಿ ಹಾಕು."

ಹಾಕಿದೆ. ಗೊತ್ತಿಲ್ಲ, ಒಂದು. ಎಂಜಿನ್ನಿನ ಪ್ರತಿ ಮೊಳೆಯನ್ನೂ ಬಲ್ಲವರೊಬ್ಬರೇ ಆ ಸಾಲಿನಲ್ಲಿದ್ದರು.

ಆಮೇಲೆ ರಜೆಯ ದಿನಗಳಲ್ಲಿ ನಾನೇ ಹುಡುಕಲು ಹೊರಟೆ. ನಿಲ್ದಾಣದ ಹತ್ತಿರದ ರೈಲು ಮ್ಯೂಸಿಯಮ್ಮಿಗೆ ಎರಡು ಸಲ ಹೋದೆ. ಹಳೆಯ ಎಂಜಿನ್ನುಗಳನ್ನು ಸುತ್ತು ಹಾಕಿ ನೋಡಿದೆ. ಇದರ ಅಕ್ಕತಂಗಿಯರಾರೂ ನನಗೆ ಅಲ್ಲಿ ಕಾಣಲಿಲ್ಲ. ಹುಡುಕಾಟ ಫಲ ಕೊಟ್ಟದ್ದು ಮನೆಯಿಂದ ಮೂರೇ ಬೀದಿ ಆಚೆ, ಫೋಟೋಗಳಿಗೆ ಕಟ್ಟು ಹಾಕುವ ಒಂದು ಅಂಗಡಿಯಲ್ಲಿ. ಯಾರೋ ಹೊಸ ಗಾಜು ಹಾಕಿಸಲು ಕೊಟ್ಟಿದ್ದ ಹಳೆಯ ಫೋಟೋ ಗೋಡೆಗೆ ಒರಗಿತ್ತು. ಪ್ಲಾಟ್‌ಫಾರಂ, ಪೇಟ ಸುತ್ತಿದ ನಾಲ್ಕಾರು ಜನ, ಅವರ ಹಿಂದೆ ಅದೇ ಮುಖ, ಅದೇ ಉದ್ದ ಕಾಲು. ಅಂಗಡಿಯವರನ್ನು ಕೇಳಿಕೊಂಡು ಮೊಬೈಲಿನಲ್ಲಿ ತೆಗೆದು ಓಡಿಬಂದೆ. ಬಂದ ಮೇಲೆ ಹೊಳೆಯಿತು: ಕಪ್ಪುಬಿಳುಪು ಫೋಟೋದಲ್ಲಿ ಬಣ್ಣ ಎಲ್ಲಿಂದ ಬರಬೇಕು.

ಓನರಮ್ಮ ಮೊಬೈಲನ್ನು ಮೇಜಿನ ಮೇಲಿಟ್ಟು ಅದರ ಮೇಲೆ ಭೂತಗನ್ನಡಿ ಹಿಡಿದರು. ಎರಡು ಬೆರಳಲ್ಲಿ ಎಳೆದರೆ ದೊಡ್ಡದಾಗುತ್ತದೆ ಎಂದು ತಮ್ಮನವರು ಹೇಳಿದ್ದು ಕಿವಿಗೆ ಬೀಳಲಿಲ್ಲ. ಬಹಳ ಹೊತ್ತು ನೋಡಿದರು.

"ಈ ಫೋಟೋ ತಿರುಗಾಮುರುಗಾ ಪ್ರಿಂಟಾಗಿದೆ," ಎಂದರು.

"ಯಾಕಮ್ಮ?"

"ಇಲ್ನೋಡು, ಬಾಯ್ಲರ್ ಪಕ್ಕ ಉದ್ದಕ್ಕೂ ಒಂದು ಸರಳು ಹೋಗಿದೆ. ಎಂಜಿನ್ ಹಿಂದೆ ಮುಂದೆ ಓಡಿಸೋಕೆ ಡ್ರೈವರ್ ಎಳೆಯೋ ಸರಳು. ಅದು ಎಡಗಡೆ ಇರಬೇಕು. ಇದರಲ್ಲಿ ಬಲಗಡೆ ಇದೆ."

ನಾನು ಬೆರಳಿಟ್ಟು ತೋರಿಸಿದೆ. ಎಂಜಿನ್ನಿನ ಮುಂದಿನ ಅಡ್ಡಪಟ್ಟಿಯ ಮೇಲೆ ಅದರ ನಂಬರ್ ಇತ್ತು. "ಫೋಟೋ ತಿರುಗಿದ್ರೆ ಇದೂ ತಿರುಗ್ಬೇಕಿತ್ತು. ಅಂಕಿ ನೆಟ್ಟಗಿವೆಯಲ್ಲಮ್ಮ."

ಅವರು ಭೂತಗನ್ನಡಿ ಕೆಳಗಿಟ್ಟರು. ಎದ್ದು ದೇವರಮನೆಯ ಪಕ್ಕದ ಗೋಡೆಗೆ ಹೋದರು. ಅಲ್ಲಿ ಎಂಜಿನ್ನಿನ ಪಕ್ಕನೋಟದ ಟ್ರೇಸಿಂಗ್ ತೂಗುಹಾಕಿತ್ತು. ಒಗೆದು ಪಂಚೆಯಾಗದೆ ಉಳಿದ ಒಂದೇ ಬಟ್ಟೆ ಅದು. ಅಂಚಿನ ಅಕ್ಷರಗಳ ಪಟ್ಟಿ ಯಾವಾಗಲೋ ಹರಿದು ಹೋಗಿತ್ತು, ಗೆರೆಗಳಷ್ಟೇ ಉಳಿದಿದ್ದವು. ಇಷ್ಟು ವರ್ಷವೂ ಅವರು ಕೆತ್ತಿದ್ದು ಅದನ್ನು ನೋಡಿಕೊಂಡೇ. ಕೈಗೆ ಪೌಡರ್ ಹಾಕಿಕೊಂಡು ಬಟ್ಟೆಯನ್ನು ಬಿಚ್ಚಿ, ಕಣ್ಣು ಮುಚ್ಚಿ, ಉಗುರಿನಿಂದ ಈ ಮೈ ಸವರಿದರು. ತಿರುಗಿಸಿ ಆ ಮೈ ಸವರಿದರು. ಶಾಯಿ ಇರುವ ಕಡೆ ಗೆರೆ ಉಬ್ಬಿ ಉಗುರಿಗೆ ಸಿಗುತ್ತದೆ.

"ಶಾಯಿ ಆ ಕಡೆ ಇದೆ," ಎಂದರು ಮೆಲ್ಲಗೆ. "ದೀಪದ ಹೊಗೆ ಕೂರದೇ ಇರ್ಲಿ ಅಂತ ಶಾಯಿ ಮೈಯನ್ನ ಗೋಡೆ ಕಡೆ ಮಾಡಿ ಹಾಕಿದ್ದೆ."

ತಮ್ಮನವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಅಂದ್ರೆ ಇಪ್ಪತ್ತು ವರ್ಷ ನಕ್ಷೆ ಬೆನ್ನು ನೋಡ್ಕೊಂಡು ಎಂಜಿನ್ ಕೆತ್ತಿದ್ದೀಯೇನೇ?"

ನಾನು ಓನರಮ್ಮನ ಮುಖ ನೋಡಲು ಹೆದರಿದೆ. ಆದರೆ ಮೊದಲು ಅಲುಗಿದ್ದು ಅವರ ಭುಜ, ಆಮೇಲೆ ನಗು ಹೊರಗೆ ಬಂತು. ನಕ್ಕು ನಕ್ಕು ಗೋಡೆ ಹಿಡಿದುಕೊಂಡು ಕೂತರು. "ಬೇರೆ ಯಾರೇ ಆಗಿದ್ರೂ ಮೊದಲ ದಿನಾನೇ ಏನೋ ಎಡವಟ್ಟು ಅನ್ನಿಸಿರೋದು. ನಮಗೆ ಟ್ರೇಸರುಗಳಿಗೆ ಆ ಪುಣ್ಯ ಇಲ್ಲ. ಬಟ್ಟೆ ತಿರುವಿ ತಿರುವಿ ತಪ್ಪು ಕೆರೆದು ಕೆರೆದು, ಹಿಂದು ಮುಂದು ಎರಡೂ ಒಂದೇ ಥರ ಕಾಣುತ್ತೆ."

ಸರಳನ್ನೂ ಅದರ ಹಿಡಿಕೆಯನ್ನೂ ಬಿಚ್ಚಿ ಆ ಪಕ್ಕಕ್ಕೆ ಹಾಕಬಹುದಲ್ಲ ಎಂದೆ. ಒಪ್ಪಲಿಲ್ಲ. ಒಮ್ಮೆ ಆರತಿಯಾದ ಗೊಂಬೆಯನ್ನು ಕೀಳಬಾರದಂತೆ. ಹಾಗಾದರೆ ತಪ್ಪನ್ನು ಹಾಗೇ ಇಡುವುದೇ ಎಂದು ಕೇಳಿದ್ದಕ್ಕೆ, ಅದೂ ಇಲ್ಲ, ಯೋಚನೆ ಮಾಡುತ್ತೇನೆ ಎಂದರು.

ಮೂರನೆಯ ವರ್ಷದ ನವರಾತ್ರಿಯ ಮೊದಲ ದಿನ ಬೆಳಿಗ್ಗೆ ನನ್ನನ್ನು ಕೆಳಗೆ ಕರೆದರು. ಬೀರುವಿನ ಬಾಗಿಲಿನ ಹಳೆಯ ಕನ್ನಡಿ ಬಿಚ್ಚಿಸಿ ಎಂಜಿನ್ನಿನ ಹಿಂದೆ ಉದ್ದಕ್ಕೆ ನಿಲ್ಲಿಸಿದ್ದರು. ಕನ್ನಡಿಯೊಳಗಿನ ಎಂಜಿನ್ನಿಗೆ ಸರಳು ಬಲಗಡೆ ಇತ್ತು.

"ನಿಜವಾದ ಎಂಜಿನ್ ಅಲ್ಲಿದೆ," ಎಂದು ಕನ್ನಡಿ ತೋರಿಸಿದರು. "ಇಲ್ಲಿರೋದು ಅದರ ಟ್ರೇಸಿಂಗು."

ಬಂದವರಿಗೆಲ್ಲ ಕನ್ನಡಿಯಲ್ಲೇ ನೋಡಿ ಎಂದು ಹೇಳುವ ಕೆಲಸ ನನ್ನದಾಯಿತು. ಹೆಂಗಸರು ಬಗ್ಗಿ ಎಂಜಿನ್ ನೋಡಿದ ಹಾಗೆ ಮಾಡಿ, ಹಣೆಯ ಕುಂಕುಮ ಸರಿಮಾಡಿಕೊಂಡು ಏಳುತ್ತಿದ್ದರು. ದಶಾವತಾರದ ಹೆಂಗಸು ಎರಡು ಸಲ ಬಂದರು. ಆ ವರ್ಷದ ಹೊಸ ಗೊಂಬೆ, ಸೀಟಿ. ಹುರಿಗಡಲೆಯಷ್ಟು ದೊಡ್ಡದು. ಆಯುಧಪೂಜೆಯ ದಿನ ಅವರ ಉಕ್ಕಿನ ಪೆನ್ನಿನ ಪಕ್ಕ ನನ್ನ ವರ್ನಿಯರನ್ನೂ ಇಡಿಸಿ, ಎರಡಕ್ಕೂ ಒಂದೇ ಹೂವು ಹರಿದು ಹಾಕಿದರು. ಇನ್ನು ಉಳಿದದ್ದು ಬಣ್ಣ ಒಂದೇ.

ತಮ್ಮನವರು ಆ ವಾರವೇ ಒಂದು ಡಬ್ಬಿ ಕಪ್ಪು ಬಣ್ಣ ತಂದು ಮೇಜಿನ ಮೇಲಿಟ್ಟರು. ತಮಾಷೆಗೆ ತಂದದ್ದಲ್ಲ. ಅಕ್ಕನ ಕೈಯಲ್ಲಿ ಆಗ ಕಾಫಿ ಲೋಟ ತುಳುಕುತ್ತಿತ್ತು.

"ಮುಗಿಸಿಬಿಡೇ ಅಕ್ಕ. ಕೈ ಕೇಳೋವಾಗಲೇ ಮುಗಿಸು. ಯಾರು ಬಂದು ಕೇಳ್ತಾರೆ?"

"ಯಾರೂ ಕೇಳಲ್ಲ ಕಣೋ. ಅದಕ್ಕೇ ನಾನು ಹುಷಾರಾಗಿರಬೇಕು. ಬೆನ್ನು ನೋಡಿ ಕೆತ್ತಿದ್ದು ಗೊತ್ತಿಲ್ದೇ ಆದ ತಪ್ಪು, ಅದಕ್ಕೆ ಕನ್ನಡಿ ಇದೆ. ಗೊತ್ತಿಲ್ಲ ಅಂತ ಗೊತ್ತಿದ್ದೂ ಬಳಿದ್ರೆ, ಅದಕ್ಕೆ ಯಾವ ಕನ್ನಡಿ ಹಿಡೀಲಿ?"

ಕಪ್ಪು ಡಬ್ಬಿ ಗೇಟಿಗೆ ಹೋಯಿತು. ನಮ್ಮ ಗೇಟು ಈಗಲೂ ಚೆನ್ನಾಗಿ ಹೊಳೆಯುತ್ತದೆ.

ಓನರಮ್ಮ ಈ ವರ್ಷ ಯುಗಾದಿಗೆ ಸ್ವಲ್ಪ ಮುಂಚೆ, ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಅವತ್ತು ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಹಾಕಿದ್ದರು. ಎಡಮೂಲೆಯಿಂದ ಶುರುವಾಗಿ ಬಲಮೂಲೆಯವರೆಗೆ ಪೂರ್ತಿ ಮುಗಿದಿತ್ತು. ಬಂದುಹೋದವರೆಲ್ಲ ಅದನ್ನು ದಾಟಿಯೇ ಬಂದರು, ಯಾರೂ ತುಳಿಯಲಿಲ್ಲ ಎಂದು ಡೈರಿಯಲ್ಲಿ ಬರೆದಿದ್ದೇನೆ.

ಸಾವಾದ ಮನೆಯಲ್ಲಿ ಆ ವರ್ಷ ಗೊಂಬೆ ಕೂರಿಸುವುದಿಲ್ಲ. ಕಳೆದ ಭಾನುವಾರ ತಮ್ಮನವರು ಎಂಜಿನ್ನನ್ನು ಮಗುವಿನ ಹಾಗೆ ಎತ್ತಿಕೊಂಡು ಮೆಟ್ಟಿಲು ಹತ್ತಿ ಬಂದು ನನ್ನ ಮೇಜಿನ ಮೇಲಿಟ್ಟರು. ಕನ್ನಡಿಯನ್ನು ನಾನು ಹೋಗಿ ತಂದೆ.

"ನಿಮ್ಮಲ್ಲಿ ಗೊಂಬೆ ಪದ್ಧತಿ ಇಲ್ಲ ಅಂತ ಗೊತ್ತು," ಎಂದರು. "ಇದನ್ನೊಂದು ಕೂರಿಸ್ತೀಯಾ?"

"ಕೂರಿಸ್ತೀನಿ ಸಾರ್."

ಅವರು ಹೋಗಲಿಲ್ಲ. ಜುಬ್ಬದ ಜೇಬಿನಿಂದ ಒಂದು ಸಣ್ಣ ಡಬ್ಬಿ ತೆಗೆದರು. ಮುಚ್ಚಳ ತೆರೆದರೆ ಬಸಳೆ ಹಣ್ಣಿನ ಬಣ್ಣ. ಎರಡು ಮೂರು ಅಂಗಡಿ ತಿರುಗಿ, ಹಣ್ಣು ತೋರಿಸಿ ಮಾಡಿಸಿಕೊಂಡು ಬಂದಿದ್ದರು.

"ಇದನ್ನೇ ಹಚ್ಚಿಬಿಡೋಣ ಕಣಮ್ಮ. ಅವಳು ನೋಡಿದ್ದು ತುಕ್ಕಲ್ಲ. ನಾನು ಸುಮ್ನೆ ರೇಗಿಸ್ತಿದ್ದೆ."

ಆ ಕ್ಷಣಕ್ಕೆ ನನಗೂ ಹಚ್ಚಿಬಿಡೋಣ ಅನ್ನಿಸಿತು. ಬಣ್ಣ ಅಷ್ಟು ಚೆನ್ನಾಗಿತ್ತು. ಆದರೆ ಎದುರಿಗಿದ್ದ ಕನ್ನಡಿಯಲ್ಲಿ ನನ್ನದೇ ಮುಖ ಕಾಣುತ್ತಿತ್ತು.

"ಅಮ್ಮ ತಮ್ಮ ಗೆರೇನ 'ಗೊತ್ತಿಲ್ಲ'ದಲ್ಲಿ ಹಾಕಿಸಿದ್ದಾರೆ ಸಾರ್," ಎಂದೆ. "ನಾನು ತಿದ್ದಕ್ಕಾಗಲ್ಲ."

ಅವರು ಡಬ್ಬಿಯ ಮುಚ್ಚಳವನ್ನು ಒತ್ತಿ ಹಾಕಿದರು. "ನೀನೂ ಅವಳ ಥರಾನೇ ಆಗ್ಬಿಟ್ಟೆ ಬಿಡು," ಎಂದರು. ಬೈದಂತೆ ಕೇಳಿಸಲಿಲ್ಲ. ಡಬ್ಬಿಯನ್ನು ವಾಪಸು ಒಯ್ಯಲೂ ಇಲ್ಲ.

ಕಾರ್ಖಾನೆಯಲ್ಲಿ ಈಗ ಅಳತೆ ಅನುಮಾನವಾದರೆ ನಾನು ಅಂದಾಜಿನ ಅಂಕಿ ಬರೆಯುವುದಿಲ್ಲ. ಜಾಗ ಖಾಲಿ ಬಿಟ್ಟು ಮತ್ತೆ ಅಳೆಯುತ್ತೇನೆ. ಮೇಲಿನವರು ತಡವಾಯಿತೆಂದು ಗೊಣಗುತ್ತಾರೆ. ಗೊಣಗಲಿ. ಖಾಲಿ ಜಾಗವನ್ನು ನಾಚಿಕೆಯಿಲ್ಲದೆ ಖಾಲಿ ಬಿಡುವುದನ್ನು ಕಲಿಸಿದವರ ಋಣ ಅದು.

ಇಪ್ಪತ್ತೆರಡರ ಸೋಮವಾರ ನನ್ನ ಕೋಣೆಯಲ್ಲಿ ಎಂಜಿನ್ ಕೂರುತ್ತದೆ. ಬೆಂಕಿಗೂಡಿಗೆ ಕೆಂಪು ಬಟ್ಟೆ ಸಿದ್ಧವಿದೆ. ಊರಿನಿಂದ ಅಮ್ಮ ಬರುತ್ತಾಳೆ, ರೈಲಿಗೆ ಯಾವ ಮಂತ್ರ ಹೇಳಬೇಕು ಎಂದು ಫೋನಿನಲ್ಲಿ ಕೇಳುತ್ತಿದ್ದಾಳೆ. ಈ ವರ್ಷದ ಹೊಸ ಗೊಂಬೆ ಯಾವುದೆಂದು ದಶಾವತಾರದ ಹೆಂಗಸು ಬಂದು ಕೇಳಿದರೆ, ಮುಚ್ಚಳ ಹಾಕಿದ ಆ ಬಣ್ಣದ ಡಬ್ಬಿಯನ್ನು ತೋರಿಸುತ್ತೇನೆ.

ಓದುವವರಲ್ಲಿ ಒಂದು ಮಾತು. ನಿಮ್ಮ ಅಜ್ಜನೋ ಮುತ್ತಜ್ಜಿಯೋ ಆ ಉದ್ದ ಕಾಲಿನ ಎಂಜಿನ್ ಎಳೆದ ಗಾಡಿಯಲ್ಲಿ ಮೈಸೂರಿಗೆ ಬಂದಿದ್ದು, ಅದರ ಬಣ್ಣದ ಬಗ್ಗೆ ಏನಾದರೂ ಹೇಳಿದ್ದರೆ, ಅಥವಾ ಅದರ ತಗಡಿನ ಒಂದು ಚೂರು ನಿಮ್ಮ ಅಟ್ಟದಲ್ಲಿದ್ದರೆ, ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಕಪ್ಪು ಎಂದಾದರೂ ಸರಿ, ತಮ್ಮನವರು ಬೇಸರ ಮಾಡಿಕೊಳ್ಳುವುದಿಲ್ಲ. ಕೇಳಿದ್ದೋ ಕಣ್ಣಾರೆ ಕಂಡದ್ದೋ ಎಂಬುದನ್ನು ಮಾತ್ರ ಜೊತೆಗೆ ಬರೆಯಿರಿ.